ಇವತ್ತು ಪರಾಗ ಎಷ್ಟು, ಮೇಡಂ?

"ಬೇಡಬ್," ಎಂದ ಬಾಗಿಲಲ್ಲಿ ನಿಂತಿದ್ದ ಮನುಷ್ಯ.

"ಏನು ಬೇಡ?" ಎಂದು ಕೇಳಿದಳು ಅವಳು, ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ.

"ಬೇಡ ಅಲ್ಲ. ಬೇಡಬ್! ದೀವು. ದಿಬ್ಬ ಜೊತೆ ಬಾತಾಡ್ಬೇಕು."

ಅವಳು ತಲೆಯೆತ್ತಿದಳು. ಎತ್ತರದ ಆಳು. ಎರಡು ಕೈಯಲ್ಲಿ ಎರಡು ಕರ್ಚೀಫು, ಜೇಬಿನಿಂದ ಇಣುಕುತ್ತಿರುವ ಇನ್ನೊಂದು. ಮೂಗು ಮಾಗಿದ ಟೊಮೆಟೊ. ಕಣ್ಣು ಈಗಷ್ಟೇ ಅತ್ತು ಬಂದವನ ಹಾಗೆ. ಅರ್ಥವಾಗಲು ಅವಳಿಗೆ ಒಂದು ಗಳಿಗೆ ಬೇಕಾಯಿತು: ಮೂಗು ಪೂರ್ತಿ ಕಟ್ಟಿಹೋಗಿ, ಪಾಪ, ಅವನ ಬಾಯಲ್ಲಿ 'ಮ' ಎಲ್ಲ 'ಬ' ಆಗುತ್ತಿದೆ, 'ನ' ಎಲ್ಲ 'ದ' ಆಗುತ್ತಿದೆ. ಮೇಡಂ ಎನ್ನಲು ಹೋಗಿ ಬೇಡ ಎನ್ನುತ್ತಿದ್ದಾನೆ.

ನಗು ತಡೆಯಲು ಅವಳು ತುಟಿ ಕಚ್ಚಿಕೊಂಡು, ಕುರ್ಚಿ ತೋರಿಸಿದಳು.

ಅದು ಅರಣ್ಯ ಸಂಶೋಧನಾ ಕೇಂದ್ರದ ಮೇಲಿನ ಅಂತಸ್ತಿನ ಕೋಣೆ. ತಾರಸಿಯ ಮೇಲೆ ಗಾಳಿ ಎಳೆದುಕೊಳ್ಳುವ ಒಂದು ಯಂತ್ರವಿತ್ತು. ಗಾಳಿಯಲ್ಲಿ ತೇಲಿ ಬಂದ ಹೂವಿನ ಪರಾಗವೆಲ್ಲ ಅದರೊಳಗಿನ ಅಂಟು ಪಟ್ಟಿಗೆ ಹತ್ತಿಕೊಳ್ಳುತ್ತಿತ್ತು. ದಿನಾ ಬೆಳಿಗ್ಗೆ ಅವಳು ಅದನ್ನು ಎಣಿಸಿ ರೇಡಿಯೋದವರಿಗೆ ಹೇಳುತ್ತಿದ್ದಳು. ವಾರ್ತೆಯ ಕೊನೆಯಲ್ಲಿ ಅವರು ಓದುತ್ತಿದ್ದರು. ಇದು ಅವಳಿಗೆ ಅಂಟಿಕೊಂಡ ಹೆಚ್ಚುವರಿ ಕೆಲಸ. ನಿಜವಾದ ಕೆಲಸ ಬೆಟ್ಟದ ಮೇಲಿನ ಓಕ್ ಮರಗಳದ್ದು. ಚಿಕ್ಕಂದಿನಿಂದ ನೆಲದ ಮೇಲಿದ್ದದ್ದಕ್ಕಿಂತ ಮರದ ಮೇಲಿದ್ದದ್ದೇ ಹೆಚ್ಚು ಎಂದು ಅವಳಮ್ಮ ಅವಳನ್ನು ಅಳಿಲು ಎಂದು ಕರೆಯುತ್ತಿದ್ದರು. ಆ ಹೆಸರು ಹೇಗೋ ಕಚೇರಿಗೂ ಬಂದು ಅಳಿಲು ಮೇಡಂ ಆಗಿತ್ತು.

"ದಿದ್ದೆ ರೇಡಿಯೋದಲ್ಲಿ ಪರಾಗ ಕಡಿಬೆ ಅಂತ ಬಂತು," ಎಂದ ಆತ, ಕಷ್ಟಪಟ್ಟು. "ದದ್ದ ಬೂಗು ದೋಡಿ!"

"ನೋಡ್ತಾನೇ ಇದೀನಿ."

"ದಿಬ್ಬ ಬರಗಳು ಆಗಲೇ ಹೂ ಬಿಟ್ಟಿವೆ."

"ಬರಗಳಾ?"

"ಬರ! ಎಲೆ ಇರುತ್ತಲ್ಲ, ಕೊಬ್ಬೆ ಇರುತ್ತಲ್ಲ, ಬರ!"

"ಓ, ಮರ!" ಎಂದಳು ಅವಳು. "ನೋಡಿ ಸರ್, ಓಕ್ ಹೂ ಬಿಡೋಕೆ ಇನ್ನೂ ಒಂದು ವಾರ ಇದೆ. ನನ್ನ ಮೆಷಿನ್‌ನಲ್ಲಿ ಏನೂ ಇಲ್ಲ. ನಿಮಗೆ ಬರೀ ಶೀತ ಆಗಿರಬಹುದು. ಮೂಗು ಇರೋ ತನಕ ನೆಗಡಿ ತಪ್ಪಲ್ಲ ಅಂತಾರಲ್ಲ. ರೇಡಿಯೋದವರನ್ನ ಮಾತ್ರ ಬೈಬೇಡಿ, ಅವರು ನಾನು ಕೊಟ್ಟಿದ್ದನ್ನ ಓದ್ತಾರೆ ಅಷ್ಟೇ. ಅದರಲ್ಲೂ ಬೆಳಗಿನ ವಾರ್ತೆ ಓದೋರು ಒಬ್ಬರಿದಾರೆ. ಏನು ದನಿ ಅಂತೀರಿ! ಅವರು 'ಪರಾಗ' ಅಂದ್ರೆ ಯಾವುದೋ ಹೊಸ ರಾಗದ ಹೆಸರು ಹೇಳಿದ ಹಾಗಿರುತ್ತೆ. ಈ ವಾರ ರಜ ಇರಬೇಕು, ಬೇರೆ ಯಾರೋ ಓದ್ತಿದಾರೆ. ಬೆಳಿಗ್ಗೆ ಎದ್ದಿದ್ದೇ ದಂಡ ಅನ್ಸುತ್ತೆ."

ಆತ ಕರ್ಚೀಫನ್ನು ಮೂಗಿನಿಂದ ನಿಧಾನವಾಗಿ ಇಳಿಸಿದ. ಕೆಂಪು ಕಣ್ಣುಗಳಲ್ಲಿ ಏನೋ ಒಂದು ಸುಳಿದು ಹೋಯಿತು.

"ಅಷ್ಟು ಚೆದ್ದಾಗಿದ್ಯಾ ಆ ದದಿ?"

"ಕೇಳಿಲ್ವಾ ನೀವು? ಅಂಥ ದನಿ ಇರೋರು ಸುಳ್ಳು ಹೇಳಿದ್ರೂ ಹೌದು ಅನ್ನಿಸುತ್ತೆ."

"ದೋಡೋಕೆ ಹೇಗಿರಬಹುದು?"

"ಯಾರಿಗೆ ಗೊತ್ತು? ನೀಟಾಗಿ ತಲೆ ಬಾಚಿಕೊಂಡು, ಜನ್ಮದಲ್ಲಿ ಒಂದು ಸಲಾನೂ ಶೀತ ಆಗದಿರೋ ಮನುಷ್ಯ ಇರಬೇಕು."

ಆತ ಏನೋ ಹೇಳಲು ಬಾಯಿ ತೆರೆದ. ಬದಲಿಗೆ ಸೀನು ಬಂತು. ಒಂದಲ್ಲ, ಸಾಲು ಸಾಲಾಗಿ. ಮೇಜಿನ ಮೇಲಿನ ಗಾಜಿನ ಸ್ಲೈಡುಗಳು ಗಲಗಲ ಎಂದವು. ಸುಧಾರಿಸಿಕೊಂಡು, ಒಂದು ಚೀಟಿಯಲ್ಲಿ ತನ್ನ ಬೀದಿಯ ವಿಳಾಸ ಗೀಚಿಕೊಟ್ಟ.

"ಬಂದು ದೋಡಿ. ಆಬೇಲೆ ಹೇಳಿ ಶೀತವೋ ಬರವೋ ಅಂತ."

"ನಿಮ್ಮ ಹೆಸರು?"

"ಎಲ್ಲಾ ದದ್ದ ಕಚ್ಚು ಅಂತಾರೆ."

"ಕಚ್ಚು?" ಎಂದು ಅವಳು ಹುಬ್ಬೇರಿಸಿದಳು. ಆತ ನಿರಾಶೆಯಿಂದ ತಲೆಯಾಡಿಸಿ ಹೊರಟುಹೋದ. ಅವನು ಮೆಟ್ಟಿಲಿಳಿದ ಮೇಲೆ ಅವಳು ಬಾಗಿಲು ಹಾಕಿಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು.

ಮಾರನೆಯ ಸಂಜೆ ಮಳೆ ಬಂತು. ರಾತ್ರಿಯಿಡೀ ಸುರಿದು ಗಾಳಿಯನ್ನೆಲ್ಲ ತೊಳೆದುಹಾಕಿತು. ಮರುದಿನ ಬೆಳಿಗ್ಗೆ ಅವಳು ಸ್ಲೈಡು ಹಿಡಿದು ಕೂತಿದ್ದಾಗ ಫೋನ್ ಬಂತು. ದಿನಾ ರೇಡಿಯೋ ಕಚೇರಿಯ ಗುಮಾಸ್ತೆ ಮಾಡುತ್ತಿದ್ದ ಕರೆ.

"ನಮಸ್ಕಾರ. ಇವತ್ತು ಪರಾಗ ಎಷ್ಟು, ಮೇಡಂ?"

ಗುಮಾಸ್ತೆಯಲ್ಲ. ಆ ದನಿ! ಆಳವಾದ, ಬಿಸಿಲಿಗೆ ಕಾದ ಹಿತ್ತಾಳೆ ಪಾತ್ರೆಯ ಹಾಗೆ ಬೆಚ್ಚಗಿನ, ಪ್ರತಿ ಅಕ್ಷರವೂ ಸ್ವಚ್ಛವಾಗಿ ಹೊಳೆಯುವ ದನಿ. ಯಾಕೆಂದು ತಿಳಿಯದೆ ಅವಳು ಕುರ್ಚಿಯಿಂದ ಎದ್ದು ನಿಂತಳು.

"ಕ... ಕಡಿಮೆ. ಮಳೆ ಬಂತಲ್ಲ, ಅದಕ್ಕೆ."

"ನನ್ನ ಮೂಗೂ ಅದನ್ನೇ ಹೇಳ್ತಿದೆ," ಎಂದಿತು ದನಿ. "ಮೊನ್ನೆ ನಿಮ್ಮ ಬಾಗಿಲಿಗೆ ಬಂದಿದ್ದ ಮೂಗು ನಾನೇ."

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ಕಚ್ಚು?"

"ಕಂಚು. ಕಂಚಿನ ಕಂಠ ಅಂತ ಸ್ಟೇಷನ್ನಿನವರು ಇಟ್ಟ ಹೆಸರು. ಆವತ್ತು ಆ ಹೆಸರಿನ ಮಾನ ಹೋಯ್ತು."

"ಅಯ್ಯೋ! ನಾನು ಏನೇನೋ ಹೇಳ್ತಾ ಇದ್ರೆ ಸುಮ್ಮನೆ ಕೇಳ್ತಾ ಕೂತಿದ್ರಲ್ಲ! ಒಂದು ಮಾತು ಹೇಳೋಕೆ ಆಗ್ಲಿಲ್ವಾ?"

"ಹೇಳಬೇಕು ಅಂತಲೇ ಇದ್ದೆ. ಆದ್ರೆ ನನ್ನ ಬಗ್ಗೆ ಅಷ್ಟು ಚೆನ್ನಾಗಿ ಯಾರೂ ಮಾತಾಡಿರಲಿಲ್ಲ. ಮುಗೀಲಿ ಅಂತ ಕಾದೆ."

ಅವಳ ಕಿವಿಯ ತುದಿ ಬಿಸಿಯಾಯಿತು. ಸದ್ಯ, ಫೋನಿನಲ್ಲಿ ಕಾಣುವುದಿಲ್ಲ.

*

ಅವನ ಬೀದಿಗೆ ಅವಳು ಹೋದದ್ದು ಕೆಲಸದ ಮೇಲೆಯೇ. ಹಾಗಂತ ತನಗೆ ತಾನೇ ಎರಡು ಸಲ ಹೇಳಿಕೊಂಡಳು, ಕಿವಿಗೆ ಓಲೆ ಬದಲಾಯಿಸುವಾಗಲೊಮ್ಮೆ, ಬಸ್ಸಿನಿಂದ ಇಳಿಯುವಾಗಲೊಮ್ಮೆ.

ಇಕ್ಕಟ್ಟಿನ ಬೀದಿ. ಎರಡೂ ಕಡೆ ಕಲ್ಲಿನ ಗೋಡೆ, ಕೆಳಗೆ ಡಾಂಬರು, ಮೇಲೆ ಬಿಸಿ ಗಾಳಿ ಉಗುಳುವ ಏಸಿ ಪೆಟ್ಟಿಗೆಗಳು. ಕೆಳಗೆ ಅವನ ಅಕ್ಕನ ಕನ್ನಡಕದ ಅಂಗಡಿ, ಅದರ ಮೇಲೆ ಮನೆ. ಅಂಗಡಿಯ ಮುಂದೆಯೇ ಒಂದು ದೊಡ್ಡ ಓಕ್ ಮರ. ಅದರ ಕೊಂಬೆ ಕೊಂಬೆಯಿಂದಲೂ ಹಳದಿ ಹೂಗೊಂಚಲು ಎಳೆ ಎಳೆಯಾಗಿ ಜೋತಾಡುತ್ತಿತ್ತು.

"ಹೂ ಬಿಟ್ಟಿದೆ! ಪೂರ್ತಿ ಬಿಟ್ಟಿದೆ!" ಅವಳು ಬೀದಿಯಲ್ಲೇ ಚಪ್ಪಾಳೆ ತಟ್ಟಿದಳು.

"ನನ್ನ ಕಷ್ಟ ನೋಡಿ ಇಷ್ಟು ಖುಷಿ ಪಟ್ಟವರನ್ನ ನಾನು ನೋಡಿಲ್ಲ," ಎಂದ ಅವನು ಬಾಗಿಲಲ್ಲಿ ನಿಂತು. ಔಷಧಿಯ ಬಲದಿಂದ ಅವತ್ತು ಮೂಗು ಅರ್ಧ ತೆರೆದಿತ್ತು. ತಲೆ ನೀಟಾಗಿ ಬಾಚಿತ್ತು. ಅವಳು ಅದನ್ನು ಗಮನಿಸಿದಳು. ಅವಳು ಗಮನಿಸಿದ್ದನ್ನು ಅವನು ಗಮನಿಸಿದ.

"ನಿಮ್ಮ ಬೀದಿ ಕಾಡಿಗಿಂತ ಬಿಸಿ, ಗೊತ್ತಾ? ಕಲ್ಲು, ಡಾಂಬರು ಎಲ್ಲಾ ಕಾದಿರುತ್ತೆ. ಕಾಡಿನ ಮರಗಳು ಇನ್ನು ಐವತ್ತು ವರ್ಷ ಆದ್ಮೇಲೆ ನೋಡೋ ಬೇಸಿಗೆಯನ್ನ ಈ ಮರ ಈಗಲೇ ನೋಡ್ತಿದೆ. ಅದಕ್ಕೇ ಬೇಗ ಚಿಗುರಿ ಬೇಗ ಹೂ ಬಿಡ್ತು. ನನ್ನ ಮೆಷಿನ್ ಕಾಡಿನ ಪಕ್ಕ ಕೂತು ಕಾಡಿನ ಲೆಕ್ಕ ಹೇಳ್ತಿತ್ತು. ತಪ್ಪು ನಂದೇ."

ಅಂಗಡಿಯೊಳಗಿಂದ ಅವನ ಅಕ್ಕ ಬಂದರು. ಜನರ ಕಣ್ಣು ನೋಡಿ ನೋಡಿ ಅಭ್ಯಾಸವಾದವರು. ಅವಳ ಕಣ್ಣನ್ನೂ ಒಮ್ಮೆ ನೋಡಿದರು, ತಮ್ಮನ ಕಣ್ಣನ್ನೂ ಒಮ್ಮೆ ನೋಡಿದರು.

"ಬಾಮ್ಮ ಒಳಗೆ. ಇವನು ಬೆಳಿಗ್ಗೆಯಿಂದ ಒಂದೇ ಶರ್ಟನ್ನ ಮೂರು ಸಲ ಇಸ್ತ್ರಿ ಮಾಡಿದಾನೆ. ಯಾರೋ ಮಂತ್ರಿ ಬರ್ತಾರೇನೋ ಅಂದ್ಕೊಂಡೆ."

"ಅಕ್ಕಾ!"

"ಏನೋ? ಇಸ್ತ್ರಿ ಮಾಡ್ಲಿಲ್ವಾ?"

ಮನೆಯ ಬಾಲ್ಕನಿಯಲ್ಲಿ, ಬೀದಿಯ ಪರಾಗ ಹಿಡಿಯಲು, ಗಾಜಿನ ಸ್ಲೈಡು ಸಿಕ್ಕಿಸುವ ಪುಟ್ಟ ಸ್ಟ್ಯಾಂಡೊಂದನ್ನು ಕೂರಿಸಬೇಕೆಂದು ಅವಳು ತಂದಿದ್ದಳು. ಕುರ್ಚಿ ಹತ್ತಿ, ಕಂಬಿಗೆ ತಂತಿ ಸುತ್ತತೊಡಗಿದಳು. ಅವನು ಕುರ್ಚಿ ಹಿಡಿದುಕೊಂಡ. ಸುತ್ತುತ್ತಾ ಸುತ್ತುತ್ತಾ ಕೆಳಗೆ ನೋಡಿದರೆ ಅವನ ಮುಖ ಮೇಲಕ್ಕೆತ್ತಿಯೇ ಇತ್ತು. ಕಣ್ಣಿಗೆ ಕಣ್ಣು ಸೇರಿದ ತಕ್ಷಣ ಅವನು ಆಕಾಶ ನೋಡಿದ.

"ಏನು ನೋಡ್ತಿದ್ರಿ?"

"ಮರ."

"ಮರ ಆ ಕಡೆ ಇದೆ."

"ಹೌದಾ? ಯಾವಾಗ ಆ ಕಡೆ ಹೋಯ್ತು?"

ಅವಳು ತಂತಿಗೆ ಇನ್ನೂ ನಾಲ್ಕು ಸುತ್ತು ಹೆಚ್ಚಿಗೆ ಹಾಕಿದಳು. ಬೇಕಿರಲಿಲ್ಲ.

ಅಂದಿನಿಂದ ಅವಳ ಎಣಿಕೆಗೆ ಎರಡು ಅಂಕಿ ಬಂದವು, ಒಂದು ಕಾಡಿನದು, ಇನ್ನೊಂದು ಊರಿನದು. ಬೆಳಗಿನ ಕರೆಯನ್ನು ಗುಮಾಸ್ತೆ ಮತ್ತೆಂದೂ ಮಾಡಲಿಲ್ಲ. "ಇವತ್ತು ಪರಾಗ ಎಷ್ಟು, ಮೇಡಂ?" ಎಂದು ಶುರುವಾಗುವ ಮಾತು ಹೆಚ್ಚು, ಕಡಿಮೆ ಎಂಬಲ್ಲಿಗೆ ನಿಲ್ಲದೆ ಎಲ್ಲೆಲ್ಲೋ ಅಲೆದು, ಕೊನೆಗೆ ಸ್ಟುಡಿಯೋದಲ್ಲಿ ಯಾರೋ ಅವನನ್ನು ಕೂಗುವವರೆಗೆ ಸಾಗುತ್ತಿತ್ತು.

"ನನಗೊಂದು ಅರ್ಥ ಆಗಲ್ಲ," ಎಂದ ಒಂದು ದಿನ. "ಸೆಖೆ ಆದ್ರೆ ನಾವು ಫ್ಯಾನ್ ಹಾಕ್ತೀವಿ, ಇಲ್ಲಾ ಊರು ಬಿಡ್ತೀವಿ. ಮರ ಏನ್ ಮಾಡುತ್ತೆ?"

"ನಿಂತಲ್ಲೇ ಎಷ್ಟು ಬಗ್ಗಬಹುದೋ ಅಷ್ಟು ಬಗ್ಗುತ್ತೆ. ಬೇಗ ಚಿಗುರುತ್ತೆ. ಮಧ್ಯಾಹ್ನ ನೀರು ಆರದ ಹಾಗೆ ಎಲೆಯ ಸಣ್ಣ ಸಣ್ಣ ತೂತೆಲ್ಲ ಮುಚ್ಚಿಕೊಳ್ಳುತ್ತೆ. ಮುಂದಿನ ವರ್ಷದ ಎಲೆ ಸ್ವಲ್ಪ ಚಿಕ್ಕದು, ಸ್ವಲ್ಪ ದಪ್ಪ. ಬೇರು ಇನ್ನೂ ಆಳಕ್ಕೆ. ಅಷ್ಟೂ ಮಾಡಿ ಸಾಕಾಗಲಿಲ್ಲ ಅಂದ್ರೆ, ಉಳಿದದ್ದನ್ನ ಮಕ್ಕಳಿಗೆ ಬಿಡುತ್ತೆ. ಸಾವಿರಾರು ಕಾಯಿ ಉದುರಿಸುತ್ತೆ, ಒಂದರ ಹಾಗೆ ಒಂದು ಇರಲ್ಲ. ಯಾವುದಕ್ಕೆ ಸೆಖೆ ತಡೆಯೋ ಶಕ್ತಿ ಇದೆಯೋ ಅದು ಬೆಳೆಯುತ್ತೆ."

"ಹಾಗಾದ್ರೆ ಚಿಂತೆ ಯಾಕೆ?"

"ಮರಕ್ಕೆ ನೂರಾರು ವರ್ಷ ಬೇಕು. ಸೆಖೆಗೆ ಅಷ್ಟು ತಾಳ್ಮೆ ಇಲ್ಲ." ಅವಳು ಕಿಟಕಿಯಾಚೆಯ ಬೆಟ್ಟ ನೋಡಿದಳು. "ಬೆಟ್ಟದ ತುದಿಯ ಓಕ್‌ಗಳಿವೆಯಲ್ಲ, ಚಳಿಯಲ್ಲೇ ಹುಟ್ಟಿ ಬೆಳೆದವು. ಈಚೆಗೆ ಬೇಸಿಗೆಯಲ್ಲಿ ತಲೆ ಒಣಗ್ತಿದೆ. ತಪ್ಪಲಿನ ಮರಗಳಿಗೆ ಸೆಖೆ ಗೊತ್ತು. ಕೆಳಗಿನ ಪರಾಗ ಮೇಲಿನ ಹೂವಿಗೆ ಸಿಕ್ಕಿದ್ರೆ, ಮಕ್ಕಳು ಅಮ್ಮನ ಹಾಗೆ ಚಳಿ ತಡೀತವೆ, ಅಪ್ಪನ ಹಾಗೆ ಸೆಖೆ ತಡೀತವೆ. ಆದ್ರೆ ಕೆಳಗಿನವು ಹೂ ಬಿಟ್ಟಾಗ ಮೇಲಿನವು ಇನ್ನೂ ಮಲಗಿರ್ತವೆ. ಮೇಲಿನವು ಏಳೋ ಹೊತ್ತಿಗೆ ಕೆಳಗೆ ಎಲ್ಲಾ ಮುಗಿದಿರುತ್ತೆ. ಒಂದೇ ಬೆಟ್ಟದಲ್ಲಿದ್ದೂ ಭೇಟಿನೇ ಇಲ್ಲ."

"ಮಧ್ಯದಲ್ಲಿ ನೀವು?"

"ಮದುವೆ ಬ್ರೋಕರ್. ಕೆಳಗಿನ ಪರಾಗ ಕೂಡಿಸಿ ಫ್ರೀಜರಲ್ಲಿ ಇಟ್ಟಿದೀನಿ. ಮೇಲೆ ಹೂವು ಬಾಯಿ ಬಿಟ್ಟ ದಿನ ತಗೊಂಡು ಹೋಗಿ ಹಾಕ್ತೀನಿ."

"ಕಮಿಷನ್ ಎಷ್ಟು?"

"ಮೊಣಕಾಲು ನೋವು. ಹೋದ ವರ್ಷ ಅದೂ ದಂಡ, ಹೊತ್ತಲ್ಲದ ಹೊತ್ತಲ್ಲಿ ಹಿಮ ಬಿದ್ದು ಹೂವೆಲ್ಲ ಸುಟ್ಟುಹೋಯ್ತು. ಈ ವರ್ಷವೇ ಕೊನೆ. ಈ ಸಲಾನೂ ಕಾಯಿ ಕಟ್ಟದಿದ್ರೆ ಕೇಂದ್ರದವರು ಯೋಜನೆ ಮುಚ್ಚಿ, ನನ್ನ ಬೇರೆ ಕೆಲಸಕ್ಕೆ ಹಾಕ್ತಾರೆ."

ಆ ಕಡೆಯ ದನಿ, ವಾರ್ತೆಗಿಂತ ಮೆಲ್ಲಗೆ, "ಕಟ್ಟುತ್ತೆ ಬಿಡಿ," ಎಂದಿತು. ಅವಳು ಮೊದಲೇ ಹೇಳಿದ್ದಳಲ್ಲ, ಅಂಥ ದನಿ ಹೇಳಿದ್ದೆಲ್ಲ ಹೌದು ಅನ್ನಿಸುತ್ತದೆ.

*

ಎಂದಿನಂತೆ ಬಾಲ್ಕನಿಯ ಸ್ಲೈಡು ತರಲು ಒಂದು ಸಂಜೆ ಕನ್ನಡಕದ ಅಂಗಡಿಗೆ ಹೋದಾಗ ಅವನಿರಲಿಲ್ಲ. ಅಕ್ಕ ಒಂದು ಚೌಕಟ್ಟಿನ ಸ್ಕ್ರೂ ಬಿಗಿಯುತ್ತಿದ್ದರು.

"ರಾಜಧಾನಿಯ ದೊಡ್ಡ ಸ್ಟೇಷನ್ನಿಂದ ಕರೆ ಬಂದಿರೋದು ನಿನಗೆ ಹೇಳೇ ಹೇಳಿರ್ತಾನೆ," ಎಂದರು ಸಡಗರದಿಂದ. "ಮುಂದಿನ ವಾರ ಶುಕ್ರವಾರ ದನಿ ಪರೀಕ್ಷೆ. ಪಾಸಾದ್ರೆ ದೇಶಕ್ಕೆಲ್ಲ ಕೇಳುತ್ತೆ ನನ್ನ ತಮ್ಮನ ದನಿ."

"ಹ್ಞಾಂ," ಎಂದಳು ಅವಳು. ಅವನು ಹೇಳಿರಲಿಲ್ಲ.

ಬಸ್ಸಿನಲ್ಲಿ ಕೂತು ತನ್ನನ್ನು ತಾನೇ ಬೈದುಕೊಂಡಳು. ಎತ್ತು ಈಯಿತು ಅಂದರೆ ಕರು ಕಟ್ಟು ಎನ್ನುವವರ ಹಾಗೆ, ಅವನು ಕುರ್ಚಿ ಹಿಡಿದದ್ದಕ್ಕೆ ನಾನು ಏನೇನು ಕಟ್ಟಿಕೊಂಡೆ! ಅವನಿಗೆ ಬೇಕಾದ್ದು ಅಂಕಿ. ಅಂಕಿ ಕೊಟ್ಟರಾಯಿತು.

ಮರುದಿನ ಬೆಳಿಗ್ಗೆ, "ಇವತ್ತು ಪರಾಗ ಎಷ್ಟು, ಮೇಡಂ?"

"ಹೆಚ್ಚು."

"ಅಷ್ಟೇನಾ? ನಾನು ನಿಮಗೊಂದು ವಿಷಯ..."

"ಅಷ್ಟೇ," ಎಂದು ಫೋನ್ ಇಟ್ಟಳು. ಇಟ್ಟ ಮೇಲೆ ಅದನ್ನೇ ನೋಡುತ್ತಾ ಕೂತಳು. ಅದು ಮತ್ತೆ ಹೊಡೆದುಕೊಂಡಾಗ ಎದ್ದು ತಾರಸಿಗೆ ಹೋದಳು.

ವಾರವಿಡೀ ಹೀಗೇ ನಡೆಯಿತು. ಆಮೇಲೆ ಅವಳು ಬೆಟ್ಟಕ್ಕೆ ಹೊರಟಳು. ಹೂವು ಅರಳಲು ಇನ್ನೂ ಸಮಯವಿತ್ತು. ಮೊಗ್ಗಿನ ಕೊಂಬೆಗಳಿಗೆ ಬೇರೆ ಪರಾಗ ತಾಗದಂತೆ ಕಾಗದದ ಚೀಲ ಕಟ್ಟಿದ್ದಳು, ಅವು ಸರಿಯಾಗಿವೆಯೇ ನೋಡಿ ಬರಬೇಕಿತ್ತು. ಕೇಂದ್ರದ ಜೀಪು ಅವಳನ್ನು ಬೆಟ್ಟದ ಮೇಲಿನ ತಂಗುಮನೆಯಲ್ಲಿ ಇಳಿಸಿ, ದೂರದ ಇನ್ನೊಂದು ಕಾಡಿಗೆ ಹೊರಟುಹೋಯಿತು.

ಮರುದಿನ ಬೆಳಿಗ್ಗೆ ಏಣಿ ಹತ್ತಿ, ಮೊದಲನೇ ಚೀಲದ ಸಣ್ಣ ಕಿಟಕಿಯಲ್ಲಿ ಭೂತಗನ್ನಡಿ ಹಿಡಿದು ನೋಡಿದಳು. ಎಲೆಯ ಕಂಕುಳಲ್ಲಿ ಸಾಸಿವೆಯಷ್ಟು ಚಿಕ್ಕ ಕೆಂಪು ಹೂವು, ಮೂರು ನಾಲಿಗೆ ಚಾಚಿ ತೆರೆದುಕೊಂಡಿತ್ತು. ಎರಡನೇ ಚೀಲದಲ್ಲೂ ಹಾಗೇ. ಎಲ್ಲದರಲ್ಲೂ. ನಾಲ್ಕು ದಿನದ ಬಿಸಿಲಿಗೆ ಮೇಲಿನ ಮರಗಳು ಎಂದೂ ಇಲ್ಲದಷ್ಟು ಬೇಗ ಎದ್ದುಬಿಟ್ಟಿದ್ದವು. ಪರಾಗವೋ, ಕೆಳಗೆ ಊರಿನ ಫ್ರೀಜರಿನಲ್ಲಿ. ಸಂಜೆಯಿಂದ ಎರಡು ಮೂರು ದಿನ ಬಿರುಗಾಳಿಯ ಎಚ್ಚರಿಕೆ ಬೇರೆ. ಗಾಳಿಗೆ ಏಣಿ ಹತ್ತುವಂತಿಲ್ಲ, ಚೀಲಗಳು ಉಳಿಯುವ ಭರವಸೆಯಿಲ್ಲ.

ಏಣಿಯ ಬುಡದಲ್ಲಿ ಕೂತಿದ್ದಾಗ ಮೊಬೈಲು ಹೊಡೆದುಕೊಂಡಿತು.

"ಇವತ್ತು ಪರಾಗ ಎಷ್ಟು, ಮೇಡಂ?"

"ಇವತ್ತು ಅಂಕಿ ಇಲ್ಲ," ಎನ್ನುವಷ್ಟರಲ್ಲಿ ಅವಳ ದನಿ ಒಡೆಯಿತು.

"ಏನಾಯ್ತು?"

ಹೇಳಬಾರದೆಂದುಕೊಂಡೇ ಎಲ್ಲ ಹೇಳಿಬಿಟ್ಟಳು.

"ಫ್ರೀಜರ್ ಕೀ ಯಾರ ಹತ್ರ ಇದೆ?"

"ವಾಚ್‌ಮನ್ ತಾತನ ಹತ್ರ. ಆದ್ರೆ ನೀವು ಬರಬೇಡಿ. ದಾರಿಯುದ್ದಕ್ಕೂ ಕಾಡು ಹೂ ಬಿಟ್ಟಿದೆ. ನಾಳೆ ನಿಮಗೆ..." ಎಂದು ನಿಲ್ಲಿಸಿದಳು.

"ನಾಳೆ ನನಗೆ ಏನು?"

"ಏನಿಲ್ಲ. ಬರಬೇಡಿ ಅಷ್ಟೇ."

"ಯಾವ ಡಬ್ಬಿ ಅಂತ ಹೇಳಿ," ಎಂದಿತು ದನಿ.

*

ಮಧ್ಯಾಹ್ನ ತಿರುಗುವ ಹೊತ್ತಿಗೆ ಕೆಳಗಿನ ತಿರುವಿನಿಂದ ಒಂದು ಸದ್ದು ಕೇಳಿತು. ಕೆಮ್ಮುವ ಎಂಜಿನ್, ಅದರ ನಡುನಡುವೆ ಸೀನು. ಅಕ್ಕನ ಪುಟ್ಟ ಸ್ಕೂಟರು ಏದುಸಿರು ಬಿಡುತ್ತಾ ಮೇಲೆ ಬಂತು. ಅದರ ಮೇಲೆ ಹೆಲ್ಮೆಟ್ಟು, ಮಾಸ್ಕು, ಅದರ ಮೇಲೊಂದು ಮಾಸ್ಕು, ಎದೆಗೆ ಕಟ್ಟಿಕೊಂಡ ಐಸ್ ಪೆಟ್ಟಿಗೆ. ತಲೆಯಿಂದ ಕಾಲಿನವರೆಗೆ ಹಳದಿ ಪುಡಿ. ಹೆಲ್ಮೆಟ್ಟು ತೆಗೆದಾಗ ಕಂಡ ಮುಖದಲ್ಲಿ ಕಣ್ಣು ಎಲ್ಲಿವೆ ಎಂದು ಹುಡುಕಬೇಕಿತ್ತು.

"ದಿಬ್ಬ ಡಬ್ಬಿ," ಎಂದ ಅವನು.

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಎರಡಕ್ಕೂ ಹೊತ್ತಿರಲಿಲ್ಲ.

"ಏಣಿ ಹಿಡ್ಕೊಳ್ಳಿ. ಗಟ್ಟಿಯಾಗಿ."

ಅವಳು ಹತ್ತಿದಳು. ಸಿರಿಂಜಿಗೆ ಪರಾಗ ತುಂಬಿ, ಚೀಲಕ್ಕೆ ಸೂಜಿ ಚುಚ್ಚಿ ಒತ್ತಿದಳು. ಒಳಗೆ ಹಳದಿ ಹೊಗೆಯೆದ್ದು ಕೆಂಪು ಹೂಗಳ ಮೇಲೆ ಇಳಿಯಿತು. ತೂತಿಗೆ ಟೇಪು ಅಂಟಿಸಿ ಮುಂದಿನ ಕೊಂಬೆ.

"ಹಾ...ಕ್ಷೀ!"

"ಏಣಿ! ಏಣಿ!"

"ಕ್ಷಬಿಸಿ. ಸೀದುವಾಗ ಬೊದಲೇ ಹೇಳ್ತೀದಿ."

"ಹೇಳಿ!"

"ಈಗ!"

ಅವಳು ಕೊಂಬೆ ತಬ್ಬಿಕೊಂಡು ಕಣ್ಣು ಮುಚ್ಚಿದಳು. ಏಣಿ ನಡುಗಿ ನಿಂತಿತು. ಹೀಗೆ ಒಂದು ಮರದಿಂದ ಇನ್ನೊಂದು ಮರಕ್ಕೆ, ಅವಳು ಮೇಲೆ, ಅವನು ಕೆಳಗೆ, "ಈಗ!" ಎಂಬ ಕೂಗು ಆಗಾಗ. ಕೊನೆಯ ಚೀಲಕ್ಕೆ ಟೇಪು ಹಾಕಿ ಇಳಿಯುವ ಹೊತ್ತಿಗೆ ಎಲೆಗಳು ಗಾಳಿಗೆ ತಿರುಗಿ ಮುರುಗಿ ಹೊಯ್ದಾಡತೊಡಗಿದ್ದವು. ಇಬ್ಬರೂ ಏಣಿ ಹೊತ್ತುಕೊಂಡು ತಂಗುಮನೆಯ ಜಗಲಿಗೆ ಓಡಿ ಬಂದರು.

"ನಾಳೆ ನಿಮಗೆ ದನಿ ಪರೀಕ್ಷೆ," ಎಂದಳು ಅವಳು ಮೇಲುಸಿರಿನಲ್ಲಿ. "ಅಕ್ಕ ಹೇಳಿದ್ರು. ಗೊತ್ತಿದ್ದೂ ಬಂದ್ರಾ? ಈ ಮೂಗು ಇಟ್ಕೊಂಡು ನಾಳೆ ಏನು ಓದ್ತೀರಿ?"

"ದಿಬಗೆ ಹೇಳೋಣ ಅಂತ ವಾರದಿಂದ ಫೋದ್ ಬಾಡಿದೆ. ದೀವು ಹೆಚ್ಚು ಅಂತೀರಿ, ಇಡ್ತೀರಿ. ದಿಬ್ಬದ್ದ ಕೇಳದೆ ಹೇಗೆ ಹೋಗಲಿ?"

"ನನ್ನನ್ನ ಯಾಕೆ ಕೇಳಬೇಕು?"

ಅವನು ಎರಡೂ ಮಾಸ್ಕು ತೆಗೆದು ಜೇಬಿಗೆ ತುರುಕಿದ. ಗಂಟಲು ಸರಿಮಾಡಿಕೊಂಡ. ವಾರ್ತೆಗೆ ಮುಂಚೆ ಹೀಗೇ ಮಾಡುತ್ತಾನೇನೋ ಎಂದುಕೊಂಡಳು ಅವಳು.

"ಯಾಕಂದ್ರೆ ದಾದು ದಿಬ್ಬದ್ದ ಬೆಚ್ಚಿದ್ದೀದಿ."

"ಬೆಚ್ಚಿದೀರಾ? ಯಾಕೆ, ಹಾವು ಗೀವು ನೋಡಿದ್ರಾ?"

"ಬೆಚ್ಚಿಲ್ಲ! ಬೆಚ್ಚಿದ್ದೀದಿ! ಬ... ಬ..." ಅವನು ಮೂಗು ಉಜ್ಜಿದ, ತಲೆ ಕೊಡವಿದ, ಆಕಾಶಕ್ಕೆ ಮುಖವೆತ್ತಿ ಉಸಿರೆಳೆಯಲು ನೋಡಿದ. ಊರಿಗೆಲ್ಲ ವಾರ್ತೆ ಹೇಳುವ ಮನುಷ್ಯನಿಗೆ ಒಂದಕ್ಷರ ಹೇಳಲಾಗಲಿಲ್ಲ. ಕೊನೆಗೆ ಅವಳ ಕೈ ಹಿಡಿದು ಅಂಗೈ ಬಿಡಿಸಿದ. ಪರಾಗ ಮೆತ್ತಿ ಹಳದಿಯಾಗಿದ್ದ ಅಂಗೈಯ ಮೇಲೆ ಬೆರಳಿನಿಂದ ಮೆಲ್ಲಗೆ, ಸುತ್ತು ತಪ್ಪದಂತೆ, ಒಂದು 'ಮೆ' ಬರೆದ.

ಅವಳು ಅದನ್ನು ನೋಡಿದಳು. ಜಗಲಿಯಾಚೆ ಗಾಳಿ ಇಡೀ ಕಾಡನ್ನು ಹಿಡಿದು ಅಲ್ಲಾಡಿಸುತ್ತಿತ್ತು.

"ಮೊದಲನೇ ಸಲವೇ ಅರ್ಥ ಆಗಿತ್ತು," ಎಂದಳು ಅವಳು, ತಲೆಯೆತ್ತದೆ. "ಇನ್ನೊಂದು ಸಲ ಹೇಳಿ."

"ಎಷ್ಟು ಸಲ ಹೇಳಿದ್ರೂ ಹಾಗೇ ಬರುತ್ತೆ."

"ಬರಲಿ."

ಅವನು ಹೇಳಿದ. ಹಾಗೇ ಬಂತು. ಅವಳು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆಮೇಲೆ ಒದ್ದೆ ಟವೆಲು ತಂದು ಅವನ ಕಣ್ಣಿನ ಮೇಲಿನ ಹಳದಿ ಒರೆಸುತ್ತಾ, "ನಾನೂ ಬೆಚ್ಚಿದೀನಿ," ಎಂದಳು. "ರೇಡಿಯೋದಲ್ಲಿ ಕೇಳಿ ಅಲ್ಲ. ಆವತ್ತು ಬಾಗಿಲಲ್ಲಿ ಬೇಡಬ್ ಅಂದ್ಯಲ್ಲ, ಆಗಲೇ ಇರಬೇಕು. ಬಾ, ಒಳಗೆ ಬಾ, ಇಲ್ಲಿ ನಿಂತ್ರೆ ಇನ್ನೂ ಸೀನ್ತೀಯ."

ಅಂದ್ಯಲ್ಲ, ಬಾ, ಸೀನ್ತೀಯ. ಬಾಯಿಂದ ಹೊರಬಿದ್ದ ಮೇಲೆ ಇಬ್ಬರಿಗೂ ಕೇಳಿಸಿತು. ಅವನು ಕರೆದವಳ ಹಿಂದೆ ಒಳಗೆ ನಡೆದ.

*

ದೊಡ್ಡ ಸ್ಟೇಷನ್ನಿನ ಕೆಲಸ ಬೇರೆಯವರ ಪಾಲಾಯಿತು. ಅವನು ಫೋನ್ ಮಾಡಿ ಪರೀಕ್ಷೆ ಮುಂದೂಡಿ ಎಂದು ಕೇಳಿದ್ದು ನಿಜ; ಆ ದನಿ ಕೇಳಿ ಅಲ್ಲಿನವರು ಯಾರೋ ತಮಾಷೆ ಮಾಡುತ್ತಿದ್ದಾರೆಂದು ಇಟ್ಟುಬಿಟ್ಟಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅಕ್ಕ ವಾರವಿಡೀ ಗೊಣಗಿದರು. ಅವನು ಒಂದು ದಿನ ಮಂಕಾಗಿದ್ದ. ನಾನೇ ಕಾರಣ ಎಂದು ಅವಳು ಮುಖ ಸಣ್ಣ ಮಾಡಿಕೊಂಡಾಗ ಮಾತ್ರ ಅವನಿಗೆ ಸಿಟ್ಟು ಬಂತು. "ಸ್ಕೂಟರ್ ಓಡಿಸಿದ್ದು ನಾನು. ಅದರ ಲಾಭ ನಷ್ಟ ಎರಡೂ ನಂದೇ. ನೀನು ಮರದ ಮದುವೆ ಮಾತ್ರ ನೋಡ್ಕೋ."

ಬೇಸಿಗೆ ಕಳೆಯಿತು. ಬಿರುಗಾಳಿ ಕೆಲವು ಚೀಲಗಳನ್ನು ಹರಿದಿತ್ತು; ಉಳಿದವನ್ನು ಬಿಚ್ಚಿದಾಗ ಗುಂಡುಸೂಜಿಯ ತಲೆಯಷ್ಟು ಹಸಿರು ಕಾಯಿಗಳು. ಅರ್ಧ ಉದುರಿದವು, ಅರ್ಧ ನಿಂತವು. ಎಲೆ ಕೆಂಪಾಗುವ ಹೊತ್ತಿಗೆ ನಿಂತವೆಲ್ಲ ಕಂದುಬಣ್ಣಕ್ಕೆ ತಿರುಗಿ, ಪುಟ್ಟ ಟೋಪಿ ಹಾಕಿಕೊಂಡು, ಅವಳ ಕೈಗೆ ಬಂದವು. ಕೇಂದ್ರದವರು ಯೋಜನೆ ಮುಚ್ಚುವ ಮಾತು ಬಿಟ್ಟು, ನರ್ಸರಿಯಲ್ಲಿ ಒಂದು ಇಡೀ ಸಾಲು ಬಿಟ್ಟುಕೊಟ್ಟರು.

ಬಿತ್ತುವ ದಿನ ಅವನು ರಜ ಹಾಕಿ ಬಂದ. ಮೊದಲು ಕಾಯಿಗಳನ್ನು ಬಕೆಟ್ ನೀರಿಗೆ ಹಾಕಬೇಕು. ಜೊಳ್ಳು ತೇಲುತ್ತದೆ, ಗಟ್ಟಿ ಮುಳುಗುತ್ತದೆ. ಅವನು ಬಕೆಟ್ ಮುಂದೆ ಕುಕ್ಕರಗಾಲಲ್ಲಿ ಕೂತು ಆಟದ ವೀಕ್ಷಕ ವಿವರಣೆ ಕೊಡತೊಡಗಿದ.

"ಇದೋ ಮುಳುಗಿತು! ಪಾಸ್! ಇನ್ನೊಂದು ತೇಲ್ತಿದೆ, ತೇಲ್ತಿದೆ, ಪಾಪ, ಫೇಲ್. ಮುಳುಗಿದವರು ಗೆಲ್ಲೋ ಪರೀಕ್ಷೆ ಲೋಕದಲ್ಲಿ ಇದೊಂದೇ ಇರಬೇಕು."

"ಸದ್ದು ಕಡಿಮೆ ಮಾಡಿ ಕೈ ಓಡಿಸು," ಎಂದಳು ಅವಳು. ಉದ್ದನೆಯ ಕುಂಡಗಳ ಮಣ್ಣಿನಲ್ಲಿ ಬೆರಳಿನಿಂದ ಗುಳಿ ಮಾಡಿ, ಒಂದೊಂದೇ ಕಾಯಿಯನ್ನು ಅಡ್ಡಡ್ಡ ಮಲಗಿಸಿ ಮುಚ್ಚುತ್ತಿದ್ದಳು. "ಚಳಿಗಾಲ ಕಳೆದ ಮೇಲೆ ಮೊಳಕೆ ಒಡೀತವೆ. ಎರಡು ವರ್ಷ ಆದ್ಮೇಲೆ ಬೆಟ್ಟಕ್ಕೆ. ಸೆಖೆ ತಡೀತವೋ ಇಲ್ಲವೋ ಆಗಲೇ ಗೊತ್ತಾಗೋದು. ಎಲ್ಲಾ ಸರಿ ಹೋಗಿ ಇವು ನೆರಳು ಕೊಡೋ ಹೊತ್ತಿಗೆ ನಮಗೆ ತಲೆ ಬೆಳ್ಳಗಾಗಿರುತ್ತೆ."

"ನಮಗೆ?" ಎಂದ ಅವನು. ಬಕೆಟ್ಟಿನಲ್ಲಿದ್ದ ಕೈ ನಿಂತಿತು.

ಅವಳು ಮಣ್ಣಿನಿಂದ ಕೈ ತೆಗೆದು, ಮಂಡಿಯ ಮೇಲೆ ಒರೆಸಿಕೊಂಡು, ಅವನ ಕಡೆ ತಿರುಗಿದಳು. ಅಡ್ಡಗೋಡೆಯ ಮೇಲೆ ದೀಪ ಇಡುವ ಜಾಯಮಾನ ಅವಳದಾಗಿರಲಿಲ್ಲ.

"ಹ್ಞೂ, ನಮಗೆ. ಮದುವೆ ಆಗೋಣ್ವಾ?"

ಅವನು ಬಾಯಿ ತೆರೆದ. ಅವತ್ತು ಮೂಗು ಸ್ವಚ್ಛವಾಗಿತ್ತು, ಗಂಟಲು ಸ್ವಚ್ಛವಾಗಿತ್ತು, ಎಲ್ಲ ಅಕ್ಷರಗಳೂ ಅವನ ವಶದಲ್ಲೇ ಇದ್ದವು. ಒಂದೂ ಹೊರಗೆ ಬರಲಿಲ್ಲ. ಒದ್ದೆ ಮುಂಗೈಯಿಂದ ಕಣ್ಣು ಒರೆಸಿಕೊಂಡ.

"ಈ ಕಾಲದಲ್ಲಿ ಯಾವ ಮರಾನೂ ಹೂ ಬಿಡಲ್ಲ," ಎಂದಳು ಅವಳು. "ಇದೇನು ಕಣ್ಣೀರು?"

"ಮರದ್ದಲ್ಲ ಇದು," ಎಂದ ಅವನು ಕೊನೆಗೆ. ದನಿ ನಡುಗುತ್ತಿತ್ತು, ಆ ದನಿ ಹಾಗೆ ನಡುಗಿದ್ದನ್ನು ಯಾವ ರೇಡಿಯೋದಲ್ಲೂ ಯಾರೂ ಕೇಳಿರಲಿಲ್ಲ. "ನಿಂದು."

"ಆಗೋಣ್ವಾ, ಬೇಡ್ವಾ? ಅದನ್ನ ಹೇಳು."

"ಆಗೋಣ. ಈ ಸಾಲು ಮುಗಿಸಿ ಈಗಲೇ ಹೋಗಿ ಅಕ್ಕನಿಗೆ ಹೇಳೋಣ."

"ಸಾಲು ಮುಗಿಯೋಕೆ ಸಂಜೆ ಆಗುತ್ತೆ," ಎಂದಳು ಅವಳು, ಮತ್ತೆ ಕುಂಡದ ಕಡೆ ತಿರುಗುತ್ತಾ, ನಗು ಕಾಣದಂತೆ. ಅವನು ಬಕೆಟ್ ಎತ್ತಿಕೊಂಡು ಬಂದು ಅವಳ ಪಕ್ಕದಲ್ಲೇ, ಭುಜಕ್ಕೆ ಭುಜ ತಾಗುವ ಹಾಗೆ ಕೂತ. ಅವಳು ಗುಳಿ ಮಾಡಿದಳು, ಅವನು ಕಾಯಿ ಮಲಗಿಸಿದ, ಇಬ್ಬರೂ ಸೇರಿ ಮಣ್ಣು ಮುಚ್ಚಿದರು.